ಕೆಂಪು ಗುರುತು ಬಿದ್ದ ಜಗಲಿ

ನಾನು ಸೊರಬದ ಕಡೆಯವಳು. ಮದುವೆಯಾಗಿ ಶಿಕಾರಿಪುರದ ಮಗ್ಗುಲಿನ ಹಳ್ಳಿಗೆ ಬಂದ ಹೊಸದರಲ್ಲಿ ನನ್ನ ಬಾಯಿಂದ ‘ಎಂತ’ ಎಂಬ ಮಾತು ಬಿದ್ದರೆ ಸಾಕು, ಇಡೀ ಓಣಿ ನಗುತ್ತಿತ್ತು. ನಕ್ಕರೆ ನಗಲಿ ಎಂದು ನಾನೂ ಬೇಕೆಂದೇ ಇನ್ನಷ್ಟು ‘ಎಂತ’ ಸೇರಿಸಿ ಮಾತಾಡುತ್ತಿದ್ದೆ. ನನ್ನದು ಆಗಲೂ ಸುಮ್ಮನಿರುವ ಬಾಯಲ್ಲ. ಆದರೆ ಆಣೆ ಹೋಗಿ ನಯಾಪೈಸೆ ಬಂದ ಹೊಸದರಲ್ಲಿ ಒಮ್ಮೆ ಕೆಲವು ದಿನ ನನ್ನ ಬಾಯಿಯೂ ಕಟ್ಟಿಹೋಗಿತ್ತು. ಅಷ್ಟು ಹೆದರಿದ್ದೆ.

ನಮ್ಮ ಹಳ್ಳಿ ಪೇಟೆಗೆ ಕೂಗಳತೆಯ ದೂರದಲ್ಲಿತ್ತು. ಒಂದೇ ಸಾಲು ಮನೆಗಳು. ಪ್ರತಿ ಮನೆಯ ಮುಂದೆ ಮಣ್ಣಿನ ಜಗಲಿ, ಅದರ ಅಂಚಿಗೆ ಕಲ್ಲು, ಮೇಲೆ ಮರದ ಕಂಬ, ಹೆಂಚಿನ ಸೂರು. ಬೇರೆ ಊರಿನಲ್ಲಿ ಒಂದು ಮನೆಯ ಜಗಲಿ ಮುಗಿದ ಮೇಲೆ ಸಂದಿ ಬರುತ್ತದೆ, ಆಮೇಲೆ ಇನ್ನೊಂದು ಮನೆ. ಇಲ್ಲಿ ಹಾಗಲ್ಲ. ಜಗಲಿಗಳೆಲ್ಲ ಕೂಡಿಕೊಂಡು ಒಂದೇ ಜಗಲಿಯಾಗಿದ್ದವು. ಮಳೆಗಾಲದಲ್ಲಿ ಈ ತುದಿಯಿಂದ ಆ ತುದಿಗೆ ಕಾಲಿಗೆ ಕೆಸರು ತಾಗಿಸದೆ ಹೋಗಬಹುದಿತ್ತು. ಅಕ್ಕಪಕ್ಕದ ಮನೆಯವರು ಜಗಳವಾಡಿ ಮಾತು ಬಿಟ್ಟಿದ್ದರೂ ಜಗಲಿಗೆ ಅಡ್ಡ ಹಾಕುವಂತಿರಲಿಲ್ಲ. ಅವರ ಜಗಲಿಯ ಮೇಲೆ ಇವರು, ಇವರ ಜಗಲಿಯ ಮೇಲೆ ಅವರು ಮುಖ ಸಿಂಡರಿಸಿಕೊಂಡು ದಾಟಿ ಹೋಗುತ್ತಿದ್ದರು. ನೋಡಲು ಬಲು ಚೆಂದವಿರುತ್ತಿತ್ತು.

ಈ ಪದ್ಧತಿ ಹಳೆಯ ಊರಿನಿಂದ ಬಂದದ್ದು. ಹಳೆಯ ಊರು ಈಗ ನೀರಿನೊಳಗಿದೆ. ಅಂಜನಾಪುರದ ಹತ್ತಿರ ಕೆರೆ ಕಟ್ಟಿದಾಗ ಮುಳುಗಿದ ಜಾಗದ ಜನ ನಮ್ಮವರು. ಎದ್ದು ಬಂದು ಇಲ್ಲಿ ಮನೆ ಕಟ್ಟುವಾಗ ಅಲ್ಲಿ ಯಾರ ಪಕ್ಕ ಯಾರಿದ್ದರೋ ಇಲ್ಲೂ ಹಾಗೆಯೇ ನಿಂತರು, ಜಗಲಿಗಳನ್ನೂ ಹಾಗೆಯೇ ಕೂಡಿಸಿದರು.

ನಮ್ಮ ಮನೆ ಸಾಲಿನ ನಡುವೆ ಇತ್ತು. ಮನೆಯಲ್ಲಿ ನಾನು, ನಮ್ಮ ಮನೆಯವರು, ಅತ್ತೆ. ಮಾವ ಊರು ಮುಳುಗಿದ ಸ್ವಲ್ಪ ಕಾಲಕ್ಕೇ ತೀರಿಹೋಗಿದ್ದರು. ಅತ್ತೆಯ ಕಣ್ಣಿಗೆ ಪೊರೆ ಬಂದು ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆದರೂ ದಿನಾ ಬೆಳಗ್ಗೆ ರೊಟ್ಟಿ ತಿಂದು, ಕೈ ತೊಳೆದುಕೊಂಡು, ಸಾಲಿನ ಕೊನೆಯ ಮನೆಗೆ ಒಬ್ಬರೇ ಹೊರಡುತ್ತಿದ್ದರು. ಅಲ್ಲಿ ಅವರ ಒಡಹುಟ್ಟಿದ ಅಕ್ಕ ಇದ್ದರು, ನನಗೆ ದೊಡ್ಡತ್ತೆ. ಅತ್ತೆ ಕಂಬದಿಂದ ಕಂಬಕ್ಕೆ ಕೈಯಿಟ್ಟುಕೊಂಡು ಹೋಗುವರು. ಯಾವ ಕಂಬ ಯಾರ ಮನೆಯದು ಎಂದು ಅಂಗೈಗೆ ಗೊತ್ತಿತ್ತು. ಒಂದು ದುಂಡಗೆ, ಒಂದು ಚೌಕ, ಒಂದು ಆ ಮನೆಯ ಯಜಮಾನ ತಲೆ ಆನಿಸಿ ಕೂತು ಕೂತು ಎಣ್ಣೆ ಜಿಡ್ಡು. ದೊಡ್ಡತ್ತೆಯಾದರೋ ಎಂದೂ ನಮ್ಮ ಮನೆಗೆ ತಾವಾಗಿ ಬಂದವರಲ್ಲ. ಹಿರಿಯಳ ಹತ್ತಿರ ಕಿರಿಯಳು ಬರಬೇಕು ಎಂಬುದು ಅವರ ಬಿಗುಮಾನ. ನನಗೆ ಆ ಮುದುಕಿಯ ಮೇಲೆ ಸಿಟ್ಟು ಬರುತ್ತಿತ್ತು. ಅತ್ತೆಗೆ ಬರುತ್ತಿರಲಿಲ್ಲ. ಆ ಜಗಲಿಯ ನಡಿಗೆಯೊಂದೇ ಅವರಿಗೆ ಉಳಿದ ಸ್ವಂತದ ಕೆಲಸವಾಗಿತ್ತು.

ಪೇಟೆ ನಮ್ಮ ಕಡೆಗೆ ಬೆಳೆಯುತ್ತದಂತೆ, ಅಡಿಕೆ ಭತ್ತದ ದೊಡ್ಡ ಮಾರುಕಟ್ಟೆ ಇತ್ತ ಬರುತ್ತದಂತೆ, ಅದಕ್ಕೆ ಅಗಲವಾದ ರಸ್ತೆ ಬೇಕಂತೆ ಎಂದು ಸಂತೆಗೆ ಹೋಗಿ ಬಂದವರು ಹೇಳುತ್ತಿದ್ದರು. ನಾನು ಆಗ ಬಸುರಿ. ಹೆರಿಗೆಗೆ ಸೊರಬದ ತವರಿಗೆ ಹೋಗುವ ದಿನ ಹತ್ತಿರವಾಗುತ್ತಿತ್ತು. ಅಂತೆಕಂತೆಗಳಿಗೆ ಕಿವಿಗೊಡುವಷ್ಟು ಪುರಸೊತ್ತು ನನಗಿರಲಿಲ್ಲ.

ಒಂದು ದಿನ ಮಧ್ಯಾಹ್ನ, ಗಂಡಸರೆಲ್ಲ ಹೊಲದಲ್ಲಿದ್ದಾಗ, ಒಬ್ಬ ಓವರ್ಸೀರು ಇಬ್ಬರು ಜವಾನರನ್ನು ಕರೆದುಕೊಂಡು ಬಂದ. ಸರಪಳಿ ಎಳೆದು ಅಳೆದರು. ಆಮೇಲೆ ಒಬ್ಬ ಜವಾನ ಡಬ್ಬಿಯಲ್ಲಿ ಕುಂಚ ಅದ್ದಿ ಪ್ರತಿ ಮನೆಯ ಕಂಬಕ್ಕೂ ಒಂದು ಕೆಂಪು ಪಟ್ಟಿ ಎಳೆಯುತ್ತ ನಡೆದ. ನಾನು ಬಾಗಿಲಲ್ಲಿ ನಿಂತು ಕೇಳಿದೆ.

“ಎಂತ ಇದು? ಎಂತಕ್ಕೆ ಬಳೀತೀರಿ?”

“ನಂಗೇನ್ ಗೊತ್ತವ್ವಾ. ಬಳಿ ಅಂದ್ರು, ಬಳದೆ. ದೊಡ್ಡ ಸಾಹೇಬ್ರು ಬರ್ತಾರ, ಅವ್ರನ್ನೇ ಕೇಳ್ರಿ.”

ಓವರ್ಸೀರನನ್ನು ಕೇಳಿದರೆ ಅವನೂ ಅದನ್ನೇ ಹೇಳಿದ. ಯಾವಾಗ ಬರುತ್ತಾರೆ ಎಂದರೆ ಆಕಾಶ ನೋಡಿದ.

ಅವರು ಹೋದ ಮೇಲೆ ಅತ್ತೆ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದರು. ಬಣ್ಣದ ವಾಸನೆ ಅವರ ಮೂಗಿಗೆ ಬಡಿದಿತ್ತು. “ಎಲ್ಲಿ ಬಳದಾರ, ನನ್ ಕೈ ಅಲ್ಲಿಗೆ ಹಿಡಿ” ಎಂದರು. ಹಿಡಿದೆ. ಹಸಿ ಬಣ್ಣ ಬೆರಳಿಗೆ ಅಂಟಿತು. ಆ ಬೆರಳನ್ನು ಕಣ್ಣಿನ ತೀರ ಹತ್ತಿರ ತಂದುಕೊಂಡರು, ಕಾಣಲಿಲ್ಲ.

“ಕೆಂಪೇನ?”

“ಕೆಂಪೇ, ಅತ್ತೆ.”

ಅವರು ಬೆರಳನ್ನು ಸೆರಗಿಗೆ ಒರೆಸಿದರು, ಮತ್ತೆ ಮತ್ತೆ ಒರೆಸುತ್ತಲೇ ಇದ್ದರು. ನಾನು ಆ ಮನೆಗೆ ಬಂದಾಗಿನಿಂದ ಅತ್ತೆ ಹೆದರಿದ್ದನ್ನು ಕಂಡಿರಲಿಲ್ಲ. ಹಾವು ಮನೆಯೊಳಗೆ ಬಂದರೂ ಕೋಲಿನಿಂದ ನೆಲ ಕುಟ್ಟಿ ಹೊರಗೆ ಕಳಿಸಿದ ಹೆಂಗಸು. ಅಂಥವರೇ ಹೆದರಿದ್ದು ನೋಡಿ ನನಗೂ ಹೆದರಿಕೆ ಹತ್ತಿತು.

ಹಳೆಯ ಊರಿನಲ್ಲೂ ಹೀಗೇ ಆಗಿತ್ತಂತೆ. ಯಾರೋ ಬಂದು ಮನೆಗಳಿಗೆ ಕೆಂಪು ಬಳಿದು ಹೋದರು. ಕೆಲವರು ಮರುದಿನವೇ ಬಾಗಿಲು, ಕಂಬ, ತೊಲೆ ಬಿಚ್ಚಿ ಗಾಡಿಗೆ ಹೇರಿದರು. ನಮ್ಮ ಮಾವ ಮಾತ್ರ ಸರ್ಕಾರದವರು ಬಂದು ಬಾಯಿಬಿಟ್ಟು ಹೇಳಲಿ, ಆಮೇಲೆ ನೋಡೋಣ ಎಂದು ಕೂತರು. ಹೇಳಲು ಬಂದದ್ದು ನೀರು. ಅತ್ತೆ ಹಾಸಿಗೆ ಪಾತ್ರೆ ಎತ್ತಿಕೊಂಡು ಬರುವಷ್ಟರಲ್ಲಿ ಹೊಸ್ತಿಲು ಮುಳುಗಿತ್ತು. ಮಾವ ಆಮೇಲೆ ದಿನಾ ನೀರಿನಂಚಿಗೆ ಹೋಗಿ ನಿಲ್ಲುತ್ತಿದ್ದರಂತೆ. ಈ ಕಥೆ ನಮ್ಮ ಓಣಿಯ ಎಲ್ಲರಿಗೂ ಗೊತ್ತಿತ್ತು. ಕೆಂಪು ಬಿದ್ದ ಮೇಲೆ ಕಾಯುತ್ತ ಕೂರುವವನು ಕೆಟ್ಟ ಎಂಬುದನ್ನು ಅವರೆಲ್ಲ ನೀರಿನಿಂದಲೇ ಕಲಿತಿದ್ದರು.

ಸಂಜೆ ನಮ್ಮ ಮನೆಯವರು ಹೊಲದಿಂದ ಬಂದು ಕಂಬ ನೋಡಿದವರೇ ಮುಖ ಕಪ್ಪು ಮಾಡಿಕೊಂಡರು. “ಸಾಹೇಬ್ರು ಬರ್ಲಿ ಅವ್ವಾ, ಕೇಳೋಣು” ಎಂದರು.

“ನಿಮ್ಮಪ್ಪನೂ ಹಿಂಗ ಅಂದಿದ್ದ” ಎಂದರು ಅತ್ತೆ. “ನಾಳೆ ಬಿಚ್ಚು. ಕಂಬ ಹಿತ್ಲಾಗ ಇಡು. ಜಗಲಿ ಹೋದ್ರ ಹೋಗ್ಲಿ, ಒಳಗಿನ ಮನಿ ಆದ್ರೂ ಉಳೀತೈತಿ. ಬಸುರಿ ಹೆಂಗ್ಸು ಕೂಸು ಎತ್ಕೊಂಡು ಬಂದಾಗ ನಾಕು ಗೋಡಿ ಬ್ಯಾಡೇನು?”

“ನೀನು ದೊಡ್ಡವ್ವನ ಮನಿಗೆ ಹೆಂಗ ಹೋಗ್ತಿ?”

ಅತ್ತೆ ಗೋಡೆ ಹಿಡಿದುಕೊಂಡು ಒಳಗೆ ಹೋದರು. ಕೂಸು ಹುಟ್ಟುವಷ್ಟರಲ್ಲಿ ಈ ಮನೆ ಇರುತ್ತದೆಯೋ ಇಲ್ಲವೋ ಎಂಬುದೊಂದೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು.

ಮರುದಿನ ಬಿಚ್ಚಿದರು. ಹೆಂಚು ಇಳಿಸಿದರು, ಕಂಬ ಕಿತ್ತರು, ಅಂಚಿನ ಕಲ್ಲುಗಳನ್ನೂ ಬಿಡಲಿಲ್ಲ. ಅತ್ತೆ ಹಿತ್ತಲಿನಲ್ಲಿ ಕೂತು, ತಂದಿಟ್ಟ ಒಂದೊಂದು ಕಂಬವನ್ನೂ ಮುಟ್ಟಿ ನೋಡಿ ಸರಿಯಾಗಿ ಇಡಿಸಿಕೊಂಡರು. ಅಕ್ಕಪಕ್ಕದವರು ಬಂದು ನೋಡಿದರು. ಇವರೇ ಬಿಚ್ಚುತ್ತಾರೆಂದರೆ ಏನೋ ಸುಳಿವು ಸಿಕ್ಕಿರಬೇಕು ಎಂದುಕೊಂಡರು. ಸಂಜೆಯ ಹೊತ್ತಿಗೆ ಎಡಗಡೆಯ ಮನೆಯವರೂ ಹೆಂಚು ಇಳಿಸಲು ಏಣಿ ಹಾಕಿದ್ದರು. ಅಷ್ಟರಲ್ಲಿ ಜೋರು ಮಳೆ ಬಂತು. ಅಂಚಿನ ಕಲ್ಲಿಲ್ಲದ ನಮ್ಮ ಜಗಲಿ ಕಣ್ಣೆದುರಿಗೇ ಕರಗಿ ಬೀದಿಗೆ ಹರಿಯಿತು.

ಬೆಳಗ್ಗೆ ನಾನು ಒಲೆಯ ಮುಂದಿದ್ದೆ. ಅತ್ತೆ ರೊಟ್ಟಿ ತಿಂದರು, ಕೈ ತೊಳೆದರು. ಬಾಗಿಲಾಚೆ ಅವರ ಕಾಲಸಪ್ಪಳ ಕೇಳಿದಾಗಲೇ ನನಗೆ ಹೊಳೆದದ್ದು. ಕಾಲುಗಳು ದಿನದ ರೂಢಿಯಂತೆ ಹೊರಟುಬಿಟ್ಟಿದ್ದವು. “ಅತ್ತೇ” ಎಂದು ಕೂಗಿ ಎದ್ದೆ. ಹೊಟ್ಟೆ ಹೊತ್ತುಕೊಂಡು ಎಷ್ಟು ಬೇಗ ಏಳಲಾದೀತು? ಅವರ ಬಲಗೈ ಕಂಬಕ್ಕಾಗಿ ಮುಂದೆ ಚಾಚಿತ್ತು. ಕಂಬ ಇರಲಿಲ್ಲ. ಕಾಲು ಮುಂದಿಟ್ಟರು. ನೆಲವೂ ಇರಲಿಲ್ಲ.

ಬೀದಿಯ ಕೆಸರಿನಲ್ಲಿ ಬಿದ್ದ ಅತ್ತೆ ಅಳಲಿಲ್ಲ, ನರಳಲಿಲ್ಲ. ಎರಡು ಕೈಯಿಂದಲೂ ಸುತ್ತಲಿನ ಕೆಸರನ್ನು ಬಳಿದು ಬಳಿದು ನೋಡುತ್ತ, “ನೀರು ಬಂತೇನ? ಬಂತೇನ?” ಎಂದು ಕೇಳುತ್ತಿದ್ದರು. ಆ ದನಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಅಕ್ಕಪಕ್ಕದವರು ಓಡಿ ಬಂದು ಎತ್ತಿದರು. ಮೂಳೆ ಮುರಿದಿರಲಿಲ್ಲ. ಸೊಂಟ ಊದಿಕೊಂಡಿತ್ತು. ಒಳಗೆ ಮಲಗಿಸಿ, ಉಪ್ಪು ಬಿಸಿಮಾಡಿ ಕಾವು ಕೊಟ್ಟೆ.

ಅವತ್ತೇ ಮಧ್ಯಾಹ್ನ ದೊಡ್ಡ ಸಾಹೇಬರು ಬಂದರು. ಬೆಂಗಳೂರಿನವರು, ಊರುಗಳನ್ನು ಹೇಗೆ ಬೆಳೆಸಬೇಕೆಂದು ಯೋಜನೆ ಹಾಕುವವರು. ಜೀಪಿನಿಂದ ಇಳಿದು ಸಾಲನ್ನು ನೋಡುತ್ತ ನಗುನಗುತ್ತ ಬಂದವರು ನಮ್ಮ ಮನೆಯ ಮುಂದೆ ಗಕ್ಕನೆ ನಿಂತರು.

“ಯಾರ್ರೀ ಇದನ್ನ ಕಿತ್ತಿದ್ದು?”

ನಮ್ಮ ಮನೆಯವರು ಮುಂದೆ ಬಂದು ಕೈಮುಗಿದರು. “ನಾವ ಬಿಚ್ಚೀವ್ರಿ. ನೀವು ಕೆಡವೋಕಿಂತ ಮುಂಚೆ...”

“ಕೆಡವೋದಾ? ಕೆಡವಬಾರದು ಅಂತ ಕಣ್ರೀ ಗುರುತು ಹಾಕ್ಸಿದ್ದು!”

ಆಮೇಲೆ ಅವರು ಪಕ್ಕದ ಮನೆಯ ಜಗಲಿಯ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಪೇಟೆ ಬೆಳೆದು ಬಂದರೂ ಈ ಹಳ್ಳಿಯ ಚಹರೆ ಕೆಡಬಾರದು. ಮಾರುಕಟ್ಟೆಯ ರಸ್ತೆ ಮನೆಗಳ ಹಿಂದಿನಿಂದ ಸುತ್ತಿ ಹೋಗಲಿ. ಹೊಸದಾಗಿ ಮನೆ ಕಟ್ಟುವವರು ಸೂರನ್ನು ಇದೇ ಎತ್ತರಕ್ಕೆ ಇಳಿಸಬೇಕು, ಮುಂದೆ ಕಾಂಪೌಂಡು ಎಬ್ಬಿಸಬಾರದು, ಜಗಲಿಯನ್ನು ಪಕ್ಕದ ಜಗಲಿಗೆ ಕೂಡಿಸಬೇಕು. ಹೀಗೆ ನಿಯಮ ಮಾಡಿ ಮೇಲಿನವರಿಗೆ ಒಪ್ಪಿಸುವುದು ಅವರ ಆಸೆ. ಇಂಥ ಸಾಲು ತಾವೆಲ್ಲೂ ನೋಡಿಲ್ಲ ಎಂದು ಹೊಗಳಿದರು. ಅವರು ಹೊಗಳಿದಷ್ಟೂ ನಮಗೆ ಹೆದರಿಕೆ ಹೆಚ್ಚಾಯಿತು. ಅಷ್ಟು ಚೆಂದದ್ದನ್ನು ಮುರಿದವರು ನಾವಲ್ಲವೇ?

ಅವರೂ ಹೆದರಿಸದೆ ಬಿಡಲಿಲ್ಲ. “ಮೇಲಿನವರು ನೋಡೋಕೆ ಬರ್ತಾರೆ. ನೇರ ರಸ್ತೆ ಬೇಕು ಅನ್ನೋರು ಅವರಲ್ಲಿ ಇದಾರೆ. ಸಾಲು ಮುರಿದಿದೆಯಲ್ಲ, ಇಲ್ಲೇ ರಸ್ತೆ ತೂರಿಸಿ ಅಂತಾರೆ. ಅಷ್ಟರೊಳಗೆ ಇದ್ದ ಹಾಗೇ ಕಟ್ಟಿಬಿಡಿ” ಎಂದರು.

ಒಳಗೆ ಮಲಗಿದ್ದ ಅತ್ತೆಗೆ ಎಲ್ಲವೂ ಕೇಳಿಸಿತ್ತು. ಅಲ್ಲಿಂದಲೇ ಕೂಗಿದರು.

“ಉಳಿಸಾಕ ಕೆಂಪ್ಯಾಕ ಬಳಿಸಿದ್ರಿ, ಸಾಹೇಬ್ರ?”

ಸಾಹೇಬರು ಬಾಗಿಲ ಕಡೆ ತಿರುಗಿದರು. ಜತೆಗೆ ಬಂದಿದ್ದ ಓವರ್ಸೀರನ ಮುಖ ನೋಡಿದರು. ಅವನು ಮೆಲ್ಲಗೆ, “ಇದ್ದ ಬಣ್ಣ ಅದೊಂದೇ, ಸಾರ್” ಎಂದ.

ನನಗೆ ಮೈಯೆಲ್ಲ ಉರಿಯಿತು. ನಮ್ಮ ಜಗಲಿ ಚೆನ್ನಾಗಿದೆ ಎಂದು ಹೇಳಲು ಬೆಂಗಳೂರಿನಿಂದ ಜನ ಬರುತ್ತಾರೆ, ಆದರೆ ಅದನ್ನು ನಮಗೇ ಹೇಳಬೇಕೆಂದು ಒಬ್ಬರಿಗೂ ಹೊಳೆಯುವುದಿಲ್ಲ. ಅವತ್ತು ಇದನ್ನು ಗಟ್ಟಿಯಾಗಿ ಅನ್ನಬೇಕಿತ್ತು. ರಸ್ತೆ ನಮ್ಮ ಮನೆಯೊಳಗೇ ತೂರಿ ಬರುತ್ತದೆಂಬ ಭಯಕ್ಕೆ ತುಟಿ ಬಿಚ್ಚಲಾಗಲಿಲ್ಲ.

ಕೆಲವು ದಿನಕ್ಕೇ ಅಣ್ಣ ಬಂದು ನನ್ನನ್ನು ಸೊರಬಕ್ಕೆ ಕರೆದೊಯ್ದ. ಬಸ್ಸು ಹತ್ತುವಾಗ ತಿರುಗಿ ನೋಡಿದರೆ ನಮ್ಮ ಮನೆಯವರು ಬಸ್ ಸ್ಟ್ಯಾಂಡಿನಲ್ಲಿ, ಜಗಲಿ ಕಟ್ಟುತ್ತಿದ್ದ ಮಣ್ಣುಗೈಯಲ್ಲೇ ನಿಂತಿದ್ದರು. ತವರಿನಲ್ಲಿ ಅಮ್ಮ ಎಷ್ಟು ಉಪಚಾರ ಮಾಡಿದರೂ ತುತ್ತು ಇಳಿಯುತ್ತಿರಲಿಲ್ಲ. ಶಿಕಾರಿಪುರದ ಬಸ್ಸಿನಿಂದ ಇಳಿದವರು ಯಾರೇ ಸಿಗಲಿ, ನಮ್ಮ ಮನೆ ಇದೆಯೇ ಎಂದು ಕೇಳುತ್ತಿದ್ದೆ. ಅವರು ನಕ್ಕು, “ಮನೆ ಎಂತಕ್ಕೆ ಓಡಿ ಹೋಗ್ತದೆ ಮಾರಾಯ್ತಿ?” ಎನ್ನುತ್ತಿದ್ದರು. ಅವರ ಊರಿಗೆ ನೀರು ಬಂದಿರಲಿಲ್ಲ.

ಹೆಣ್ಣುಮಗು ಹುಟ್ಟಿತು. ಬಾಣಂತನ ಮುಗಿಸಿ ಬಂದಾಗ ಮನೆ ಇತ್ತು. ಜಗಲಿಯೂ ಇತ್ತು. ಅವೇ ಕಂಬ, ಅದೇ ಅಂಚಿನ ಕಲ್ಲು. ಕೆಂಪು ಪಟ್ಟಿ ಮಾಸದೆ ಹಾಗೇ ಇತ್ತು. ಮೇಲಿನವರು ಬಂದು ನೋಡಿ ಹೋಗಿದ್ದರು. ರಸ್ತೆ ಹಿಂದಿನಿಂದಲೇ ಎಂದು ಗೊತ್ತಾಗಿತ್ತು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ಅತ್ತೆ ಕೂಸನ್ನು ಮಡಿಲಿಗೆ ತೆಗೆದುಕೊಂಡು ಮುಖವನ್ನೆಲ್ಲ ಬೆರಳಿನಿಂದ ಸವರಿದರು. “ಅಕ್ಕಗ ತೋರಿಸ್ಬೇಕು. ನಾನ ಎತ್ಕೊಂಡು ಹೋಗ್ತೀನಿ” ಎಂದರು. ಕೂಸನ್ನು ಎಡಗೈಯಲ್ಲಿ ಅವುಚಿಕೊಂಡು ಬಲಗೈ ಚಾಚಿದರು. ಕಂಬ ಸಿಕ್ಕಿತು. ಅದನ್ನು ಹಿಡಿದು ನಿಂತರು. ಕಾಲು ಮಾತ್ರ ಏಳಲಿಲ್ಲ.

“ಗಟ್ಟಿ ಇದೆ, ಅತ್ತೆ. ನೋಡಿ, ನಾನು ಇದರ ಮೇಲೇ ನಿಂತಿದೀನಿ.”

“ಗೊತ್ತೈತವ್ವಾ. ಕಟ್ಟುವಾಗ ಇಲ್ಲೇ ಕುಂತು ಕಟ್ಟಿಸೀನಿ. ಕಾಲು ನಂಬವಲ್ದು.”

ಬೆವರಿದ್ದರು. ಕೂಸನ್ನು ನನಗೆ ಕೊಟ್ಟು ಕಂಬದ ಬುಡದಲ್ಲೇ ಕುಸಿದು ಕೂತರು. ನಾನು ಸೊರಬದಲ್ಲಿದ್ದಷ್ಟು ಕಾಲವೂ ಅವರು ಒಮ್ಮೆಯೂ ಅಕ್ಕನ ಮನೆಗೆ ಹೋಗಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ಜಗಲಿಯ ಆ ತುದಿಯ ಕಡೆ ನೋಡಿದೆ.

ಅಲ್ಲಿ ದೊಡ್ಡತ್ತೆ ಎದ್ದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಮ್ಮನ್ನು ನೋಡುತ್ತಿದ್ದರೋ. ಸೆರಗು ಸರಿಮಾಡಿಕೊಂಡರು. ಮೊಣಕಾಲಿನ ಮೇಲೆ ಕೈಯೂರಿ, ಒಂದೊಂದು ಮನೆಯ ಮುಂದೆಯೂ ನಿಂತು ಉಸಿರು ಬಿಟ್ಟು, ನಡೆದು ಬರತೊಡಗಿದರು. ಬರುತ್ತ ಬರುತ್ತ ದನಿ ಹೊರಡದಂತೆ ತುಟಿಯಲ್ಲೇ ಏನೋ ಗೊಣಗುತ್ತಿದ್ದರು. ಅತ್ತೆ ಸಪ್ಪಳಕ್ಕೆ ಕಿವಿಗೊಟ್ಟರು.

“ಯಾರವ್ರು?” ಎಂದು ನನ್ನನ್ನು ಕೇಳಿದರು. “ಈ ಜಗಲಿ ಮ್ಯಾಲೆ ಈ ಹೆಜ್ಜಿ ನಾ ಕೇಳೇ ಇಲ್ಲ.”