ಹಾಯಿ ಅಕ್ಕನ ದೋಣಿ

ಬಂದರಿನಲ್ಲಿ ಎಲ್ಲರೂ ಅವಳನ್ನು ಹಾಯಿ ಅಕ್ಕ ಎನ್ನುತ್ತಿದ್ದರು. ಯಾರ ಹಾಯಿ ಹರಿದರೂ ದೋಣಿ ಕಟ್ಟುವ ದಕ್ಕೆಯ ಮೇಲೆ ಹರವಿಕೊಂಡು, ಅಂಗೈಗೆ ಚರ್ಮದ ಪಟ್ಟಿ ಕಟ್ಟಿ ಹೊಲಿದುಕೊಡುತ್ತಿದ್ದಳು. ಗಂಡ ಬಸ್ ಡ್ರೈವರ್ ಆಗಿದ್ದವನು. ನಿವೃತ್ತಿಯಾದೊಡನೆ ಮನೆ ಮಾರಿ ಹಳೆಯ ಹಾಯಿದೋಣಿಯೊಂದನ್ನು ಕೊಂಡ. ಮೊದಲ ಸಲ ಹತ್ತುವಾಗ ಅವಳು ಅತ್ತಿದ್ದಳು. "ನಂಗೆ ಈಜೂ ಬರಲ್ಲ. ಮುಳುಗಿಸೋಕೇ ಕಟ್ಕೊಂಡ್ರಾ?"

ಬರಬರುತ್ತಾ ಆ ನೀರೇ ಅವಳಿಗೆ ಅಂಗಳವಾಯಿತು. ದಡ ಸೇರಿದರೆ ಕ್ಯಾನು ಹಿಡಿದು ಸಿಹಿನೀರು ಹುಡುಕಬೇಕು, ಬಟ್ಟೆ ಒಗೆದು ಕಂಬಿಗೆ ಕ್ಲಿಪ್ಪು ಹಾಕಿ ಒಣಗಿಸಬೇಕು. ಹೊರಟರೆ ಒಂದು ಕೈ ಚುಕ್ಕಾಣಿಗೆ, ಇನ್ನೊಂದು ಒಲೆಯ ಮೇಲಿನ ಪಾತ್ರೆಗೆ. ಜಗಳವಾದರೆ ಎದ್ದುಹೋಗಲು ಬೇರೆ ಕೋಣೆಯಿರಲಿಲ್ಲ. ಮೂತಿ ತಿರುಗಿಸಿ ಕೂತರೂ ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ನಗು ಬಂದುಬಿಡುತ್ತಿತ್ತು.

ಹೀಗೆ ಊರಿಂದೂರಿಗೆ ತೇಲುತ್ತಾ ಈ ಬಂದರಿಗೆ ಬಂದಾಗ ಗಂಡನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಅದೇ ಊರಿನಲ್ಲಿದ್ದ ನಾದಿನಿ ತನ್ನ ಮನೆಯ ಹಿಂದಿನ ಕೋಣೆ ಬಿಟ್ಟುಕೊಟ್ಟಳು. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಗಂಡ ಮಾತ್ರ ಹಾಯಾಗಿ ಕಾಲು ಚಾಚಿದ.

"ಸಾಕಾಗಿತ್ತು ಕಣೇ. ನೆಲ ಅಲ್ಲಾಡ್ದೆ ಇದ್ರೆ ಎಷ್ಟು ಸುಖ!"

ಅವಳು ಕಿಟಕಿ ಮುಚ್ಚಿದಳು. ಒಂಟಿಯಾಗಿ ಹಾಯಿ ಏರಿಸುವ ಬಲ ಅವಳ ತೋಳಲ್ಲಿ ಉಳಿದಿರಲಿಲ್ಲ. ಆದರೂ ದಿನವೂ ಹೋಗಿ ದೋಣಿಯ ತಳದಲ್ಲಿ ಸೇರಿದ ನೀರನ್ನು ಬಕೆಟ್ಟಿನಿಂದ ತೋಡಿ ಬರುತ್ತಿದ್ದಳು.

"ಏನತ್ತಿಗೆ, ಸಮುದ್ರ ಖಾಲಿಯಾಯ್ತಾ?" ಎಂದು ನಾದಿನಿ ನಗುತ್ತಿದ್ದಳು.

ನೀರು ಹೆಚ್ಚುತ್ತಾ ಹೋದಾಗ ದೋಣಿ ರಿಪೇರಿಯ ಬಡಿಗನನ್ನು ಕರೆತಂದಳು. ಅವನು ತಳದ ಹಲಗೆಗೆ ಸ್ಕ್ರೂಡ್ರೈವರ್ ಒತ್ತಿದ. ಬೆಣ್ಣೆಗೆ ಇಳಿದಂತೆ ಇಳಿಯಿತು.

"ಹುಳ ತಿಂದ್ಬಿಟ್ಟಿದೆ ಅಕ್ಕಾ. ಬರೀ ಬಣ್ಣ ಹಿಡ್ಕೊಂಡು ನಿಂತಿದೆ ಇದು."

"ನೀವ್ ಯಾರಾದ್ರೂ ಜೊತೆಗೆ ಬಂದ್ರೆ, ಒಂದ್ಸಲ ಹೊರಗೆ ಹೋಗಿಬರೋಕೂ ಆಗಲ್ವಾ?"

"ಹೋಗ್ಬಹುದು. ಬರೋಕಾಗಲ್ಲ."

ಆಮೇಲೂ ಅವಳು ನೀರು ತೋಡುವುದನ್ನು ಬಿಡಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎಂದು ಅವಳಿಗೂ ಗೊತ್ತಿತ್ತು. ಅಷ್ಟರಲ್ಲಿ ಗಂಡನಿಗೆ ಜ್ವರ ಬಂತು. ಜ್ವರ ಬಿಡುವತನಕ ಅವಳು ಹಾಸಿಗೆಯ ಪಕ್ಕದಿಂದ ಕದಲಲಿಲ್ಲ. ಬಿಟ್ಟ ದಿನ ದಕ್ಕೆಗೆ ಓಡಿದರೆ, ನೀರಿನ ಮೇಲೆ ಹಾಯಿಮರವೊಂದೇ ಕಾಣುತ್ತಿತ್ತು. ಬಂದರಿನವರು ಅದಕ್ಕೆ ಹಗ್ಗ ಬಿಗಿಯುತ್ತಿದ್ದರು. ಎಳೆದಾಗ ದೋಣಿ ಎರಡಾಗಿ ಬಂತು.

ಮನೆಗೆ ಬಂದು ಹೇಳಿದಳು. "ದೋಣಿ ಹೋಯ್ತು ರೀ."

"ಹೋಗ್ಲಿ ಬಿಡು," ಎಂದ ಗಂಡ. "ನಿಂಗೂ ಓಡಾಟ ತಪ್ಪಿತು."

ಅವಳು ಅವನನ್ನು ಮೆಲ್ಲಗೆ ಮಗ್ಗುಲಾಗಿಸಿ, ಬೆನ್ನಿನಡಿಯ ಬಟ್ಟೆ ಸರಿಪಡಿಸಿದಳು. ಅತ್ತರೆ ಅವನಿಗೆ ಅರ್ಥವಾಗುವಂತಿರಲಿಲ್ಲ. ಅರ್ಥವಾದರೆ ಇನ್ನೂ ಕಷ್ಟ.