ನಮ್ಮವರನ್ನೇ ಹೊಡೆಯುವ ಸಿಪಾಯಿಗಳು

ರೆಪ್ಪೆಗೆ ತಣ್ಣನೆಯ ಸೋಡಾ ಬಾಟಲಿ ಒತ್ತಿದರೆ ಕಣ್ಣು ತೆರೆಯುತ್ತದೆ. ತೆಗೆದರೆ ಸ್ವಲ್ಪ ಹೊತ್ತಿಗೆ ಮತ್ತೆ ಮುಚ್ಚುತ್ತದೆ. ಇದು ನಾಟಕವಲ್ಲದೆ ಇನ್ನೇನು?

ಹೀಗೆಂದು ತೀರ್ಪು ಕೊಟ್ಟವರು ನನ್ನ ತಂಗಿ ರತ್ನಳ ಅತ್ತೆ. ಅವಳನ್ನು ಕೊಟ್ಟಿರುವುದು ಮೊಳಕಾಲ್ಮೂರಿಗೆ, ರೇಷ್ಮೆ ಸೀರೆ ನೇಯುವ ಮನೆಗೆ. ಗಂಡ ಮಗ್ಗಕ್ಕೆ ಕೂತರೆ ಪಕ್ಕದಲ್ಲಿ ಕೂತು ಅಂಚಿನ ಲಾಳಿ ದಾಟಿಸುವುದು ಇವಳ ಕೆಲಸ. ಬೆಳಿಗ್ಗೆ ಚುರುಕಾಗಿರುತ್ತಿದ್ದಳು. ಮಧ್ಯಾಹ್ನವಾದರೆ ರೆಪ್ಪೆ ಜೋತುಬೀಳುತ್ತಿತ್ತು, ಲಾಳಿ ಕೈಜಾರುತ್ತಿತ್ತು.

'ಉಂಡ ಮೇಲೆ ಎಲ್ರಿಗೂ ನಿದ್ದೆ ಬರ್ತೈತೆ ಕಣಮ್ಮಾ. ನಾವೇನು ಬಿದ್ಕೊಂತೀವಾ?' ಎನ್ನುತ್ತಿದ್ದರು ಅತ್ತೆ.

ದೃಷ್ಟಿ ತೆಗೆದಿದ್ದಾಯಿತು. ಬೈದಿದ್ದೂ ಆಯಿತು. ಅಷ್ಟರಲ್ಲಿ ಈ ಸೋಡಾ ಪ್ರಸಂಗ ನಡೆದು, ಸೊಸೆಯದು ನಾಟಕವೆಂದು ಬೀದಿಗೆಲ್ಲ ಡಂಗುರವಾಯಿತು. ಒಂದು ದಿನ ರತ್ನಳಿಗೆ ತುತ್ತು ನುಂಗಲೂ ಆಗಲಿಲ್ಲ. ಚಳ್ಳಕೆರೆಯಲ್ಲಿದ್ದ ನನಗೆ ಎಸ್‌ಟಿಡಿ ಬೂತಿನಿಂದ ಅವಳ ಫೋನು ಬಂತು. ಅವತ್ತೇ ದಾವಣಗೆರೆಗೆ ಕರೆದೊಯ್ದೆ.

ಅಲ್ಲಿಯ ಡಾಕ್ಟರು ಮಾಡಿದ್ದೇನು? ಅವಳ ರೆಪ್ಪೆಯ ಮೇಲೆ ಐಸ್ ಇಟ್ಟರು. ರೆಪ್ಪೆ ಮೇಲೆದ್ದಿತು. 'ನೋಡಿ, ಸ್ನಾಯು ಸೋಲುವ ಕಾಯಿಲೆಯ ಗುರುತೇ ಇದು!' ಎಂದರು. (ಅತ್ತೆಯವರ ಸಾಕ್ಷಿಯೇ, ಆದರೆ ಜಡ್ಜ್ ಬೇರೆ.)

ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿ ಇದೆಯಂತೆ. ರೋಗದ ವಿರುದ್ಧ ಹೋರಾಡುವ ಟಿ ಎಂಬ ಬಿಳಿ ರಕ್ತಕಣಗಳು ಮೂಳೆಯ ಮಜ್ಜೆಯಿಂದ ಬಂದು ಅಲ್ಲಿ ಟ್ರೇನಿಂಗ್ ಪಡೆಯುತ್ತವೆ. ಮೊದಲ ಪರೀಕ್ಷೆ, ನಮ್ಮ ಮೈಯ ಗುರುತು ಹಿಡಿಯಬೇಕು. ಎರಡನೆಯದು, ನಮ್ಮ ಮೈಮೇಲೆಯೇ ಕೈ ಮಾಡಬಾರದು. ತಪ್ಪಿದರೆ ಅಲ್ಲೇ ಸಾವು. ಬಹುಪಾಲು ಫೇಲ್! (ನೂರಕ್ಕೆ ನೂರು ರಿಸಲ್ಟ್ ತರುವ ನಮ್ಮ ಸ್ಕೂಲುಗಳು ಗಮನಿಸಬೇಕು.) ರತ್ನಳ ಗ್ರಂಥಿ ಈ ಜರಡಿ ಹಿಡಿಯುವುದರಲ್ಲಿ ಎಡವಿತ್ತು. ದಾರಿ ತಪ್ಪಿದ ಸಿಪಾಯಿಗಳ ಕುಮ್ಮಕ್ಕಿನಿಂದ ನರದ ಮಾತು ಸ್ನಾಯುವಿಗೆ ತಲುಪುತ್ತಿರಲಿಲ್ಲ. ಮಾತ್ರೆ ಕೊಡೋಣ, ಗ್ರಂಥಿಯನ್ನು ತೆಗೆಯೋಣ ಎಂದರು ಡಾಕ್ಟರು.

ಇದನ್ನೆಲ್ಲ ಮೊಳಕಾಲ್ಮೂರಿಗೆ ಹೋಗಿ ವಿವರಿಸಿದೆ. ಅತ್ತೆ ಗಮನವಿಟ್ಟು ಕೇಳಿದರು.

'ಆ ಗಡ್ಡೆ ಹುಟ್ಟಿದಾಗಿಂದ ಐತಾ?'

'ಹೌದು.'

'ಅಂಗಾರೆ ತೌರಿನ ಮಾಲು. ನೀವೇ ತೆಗೆಸಿ ಕಳಿಸ್ರಿ.'

ರತ್ನಳ ಗಂಡ ಮಗ್ಗದ ಗುಂಡಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ನನಗೆ ಅತ್ತೆಗಿಂತ ಅವನ ಮೇಲೆಯೇ ಸಿಟ್ಟು ಬಂತು.

ನಾವೇ ತೆಗೆಸಿದೆವು. ಚೇತರಿಕೆ ನಿಧಾನ, ತಿಂಗಳುಗಳೇ ಹಿಡಿದವು. ಈಗ ರತ್ನ ಸಂಜೆಯವರೆಗೂ ಕಣ್ಣರಳಿಸಿ ಕೂರುತ್ತಾಳೆ, ಅನ್ನ ಸರಾಗವಾಗಿ ಇಳಿಯುತ್ತದೆ. ಅವಳು ಉಣ್ಣುವುದನ್ನು ನೋಡುವುದೇ ನನಗೊಂದು ಸಂಭ್ರಮ.

ಮೊನ್ನೆ ಅವಳ ಮನೆಗೆ ಹೋದಾಗ ಪಕ್ಕದ ಮನೆಯಾಕೆ ನನ್ನನ್ನು ಮೂಲೆಗೆ ಕರೆದರು. 'ಏನಪ್ಪಾ, ನಿನ್ನ ತಂಗೀದು ಸೋಮಾರಿ ಗಡ್ಡೆ ತೆಗೆಸಿದ್ರಂತೆ, ಅವರತ್ತೆ ಹೇಳಿದ್ರು. ನಮ್ಮ ಸೊಸೇದೂ ತೆಗೆಸ್ಬೇಕು. ಆ ಡಾಕ್ಟ್ರ ಅಡ್ರೆಸ್ ಕೊಡು.'

ಕೊಡಬಹುದಿತ್ತು. ಆದರೆ ಆ ಡಾಕ್ಟರು ಅತ್ತೆಯಂದಿರಿಗೂ ಆಪರೇಷನ್ ಮಾಡುತ್ತಾರಾ ಎಂದು ಕೇಳುವುದನ್ನೇ ಮರೆತು ಬಂದಿದ್ದೇನೆ!