ಹೆಣ್ಣುಮಕ್ಕಳಿಗೆ ಕೊಂಬೆಯಿಲ್ಲದ ಮರ

1990ರ ಆರಂಭದಲ್ಲಿ ಕುವೈತಿನ ಫಹಾಹೀಲಿನ ಜರ್ಮನ್ ಮನೆಯೊಂದಕ್ಕೆ ಅಡುಗೆಗೆ ಸೇರಿದ ದಿನ, ಗೋಡೆಯ ಮೇಲಿನ ಮರದ ಚಿತ್ರವೊಂದನ್ನು ಕಂಡು ಬೆಚ್ಚಿದೆ. ಎಲೆಗಳಿರಬೇಕಾದಲ್ಲೆಲ್ಲ ಮನುಷ್ಯರ ಹೆಸರು! ನಾವು ಸತ್ತವರ ಫೋಟೊಗೆ ಹಾರ ಹಾಕಿ ಬೇರೆ ಇಡುತ್ತೇವೆ. ಇಲ್ಲಿ ಸತ್ತವರೂ ಬದುಕಿರುವವರೂ ಒಂದೇ ಮರದಲ್ಲಿ.

ಮೇಡಂ ಬುಡದಿಂದಲೇ ಹೇಳಿಕೊಟ್ಟರು. ಬುಡದಲ್ಲಿ ಹಡಗುಗಳಿಗೆ ಹಗ್ಗ ಹೊಸೆದು ಮಾರುತ್ತಿದ್ದ ಹೋಲ್ಟ್‌ಮನ್. ಅವನ ಮಗ ಹಗ್ಗದ ಕಾರ್ಖಾನೆ ಕಟ್ಟಿದ. ಮೊಮ್ಮಗ ಊರಿನ ಮೇಯರ್ ಆದ, ಮನೆಗೆ ಪಿಯಾನೊ ತಂದ. ಅವನ ಮಗ ವಕೀಲ. ಮಹಾಯುದ್ಧದಲ್ಲಿ ಕಾರ್ಖಾನೆ ಸುಟ್ಟುಹೋದ ಮೇಲೂ ಊರವರು ಅವನನ್ನು ಕಂಡರೆ ಟೋಪಿ ತೆಗೆಯುತ್ತಿದ್ದರಂತೆ. ತುದಿಯಲ್ಲಿ ನಮ್ಮ ಸಾಹೇಬರು, ಎಣ್ಣೆ ಕಂಪೆನಿಯ ಇಂಜಿನಿಯರ್. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಇದೆಲ್ಲ ಅವರ ಮಕ್ಕಳಿಗಿಂತ ಮೊದಲೇ ಬಾಯಿಪಾಠವಾಯಿತು.

ಒಂದೇ ಸಂಶಯ. ಹೆಂಗಸರ ಎಲೆಗಳಿಂದ ಮುಂದಕ್ಕೆ ಕೊಂಬೆಯೇ ಇರಲಿಲ್ಲ.

“ಇವರಿಗೆ ಯಾರಿಗೂ ಮಕ್ಕಳಾಗಲಿಲ್ವಾ ಮೇಡಂ, ಪಾಪ?”

ಮೇಡಂ ನಕ್ಕರು. “ಈ ಅತ್ತೆಗೆ ಒಂಬತ್ತು ಮಕ್ಕಳು! ಎಲ್ಲರೂ ಗಂಡನ ಮನೆಯ ಮರದಲ್ಲಿದ್ದಾರೆ.”

ನಾನೂ ನಕ್ಕೆ. ನಮ್ಮ ತುಳುನಾಡಿನ ಅಳಿಯಕಟ್ಟಿನಲ್ಲಿ ಕುಟುಂಬ ಬೆಳೆಯುವುದು ಹೆಣ್ಣಿನಿಂದ. ಗಂಡಸಿನ ಮಕ್ಕಳು ಹೆಂಡತಿಯ ಕುಟುಂಬಕ್ಕೆ ಸೇರುತ್ತಾರೆ, ತಂಗಿಯ ಮಕ್ಕಳೇ ನಮ್ಮವರು ಎಂದು ಹರಕು ಇಂಗ್ಲಿಷಿನಲ್ಲಿ ತಿಳಿಸಿದೆ.

“ಹಾಗಾದರೆ ನಿಮ್ಮೂರಲ್ಲಿ ನಾನೇ ಬುಡ!” ಮೇಡಂ ಚಪ್ಪಾಳೆ ತಟ್ಟಿದರು. “ನಿನ್ನ ತಂಗಿಗೆ ಮಕ್ಕಳೆಷ್ಟು?”

“ನನಗೆ ತಂಗಿಯೇ ಇಲ್ಲ” ಎಂದುಬಿಟ್ಟೆ.

ಇದ್ದಳು. ಸುಮತಿ, ಕುವೈತಿನ ಅಬ್ಬಾಸಿಯಾದಲ್ಲೇ, ಬಸ್ಸು ಹತ್ತಿದರೆ ಮುಟ್ಟುವಷ್ಟು ದೂರದಲ್ಲಿ. ನನ್ನನ್ನು ಕೇಳದೆ ಮದುವೆಯಾದಳೆಂದು ಮಾತು ಬಿಟ್ಟಿದ್ದೆ. ಮಗಳು ಹುಟ್ಟಿದ್ದಾಳೆ, ಸೋದರಮಾವ ಬಾರದೆ ತೊಟ್ಟಿಲಿಗೆ ಹಾಕುವುದಿಲ್ಲ ಎಂದು ಅಲ್ಲಿ ಅಂಗಡಿಯಿಟ್ಟಿದ್ದ ನಮ್ಮೂರ ಬ್ಯಾರಿ ಗೆಳೆಯನ ಹತ್ತಿರ ಹೇಳಿ ಕಳುಹಿಸಿದ್ದಳು. ಆದರೂ ಹೋಗಿರಲಿಲ್ಲ. ಒಂಬತ್ತು ಮಕ್ಕಳ ತಾಯಿಯನ್ನು ಬರೀ ಎಲೆಯಾಗಿ ಬಿಟ್ಟವರನ್ನು ನೋಡಿ ನಕ್ಕ ನಾನು, ನಮ್ಮ ಕುಟುಂಬಕ್ಕೆ ಇದ್ದ ಒಂದೇ ಕೊಂಬೆಯನ್ನು ಬಾಯಿಂದಲೇ ಕಡಿದು ಹಾಕಿದ್ದೆ.

ಸಂಜೆ ಮೇಡಂಗೆ ನಿಜ ಹೇಳಿದೆ. “ಮತ್ತೆ ಇಲ್ಲಿ ನಿಂತು ಏನು ಮಾಡ್ತಿದ್ದೀಯ?” ಎಂದು ಗದರಿ, ಶುಕ್ರವಾರ ಇಡೀ ದಿನ ರಜೆ ಕೊಟ್ಟರು.

ಬಾಗಿಲು ತೆರೆದ ಸುಮತಿ ನನ್ನನ್ನು ನೋಡಿ ಒಳಕ್ಕೆ ಕೂಗಿದಳು: “ಇವ್ರೇ, ಬನ್ನಿ ಮಾರಾಯ್ರೆ! ಫಹಾಹೀಲಿನ ಬಸ್ಸು ಕೊನೆಗೂ ಇವತ್ತು ಬಂತು!”

“ಬೈಯುವುದು ಆಮೇಲೆ ಮಾರಾಯ್ತಿ, ಭಾವ ಮೊದಲು ಚಾ ಕುಡಿಯಲಿ” ಎಂದ ಅವಳ ಗಂಡ.

“ಸುಮತಿ, ನನ್ನದು ತಪ್ಪಾಯ್ತು...”

“ಅದನ್ನು ಇವಳ ಹತ್ತಿರ ಹೇಳು” ಎಂದು ಮಗುವನ್ನು ನನ್ನ ಕೈಗೆ ಕೊಟ್ಟಳು. ಮಗು ನನ್ನ ಹೊಸ ಅಂಗಿ ಒದ್ದೆ ಮಾಡಿತು. “ಸರಿಯಾಯ್ತು!” ಎಂದು ಗಂಡಹೆಂಡತಿ ಬಿದ್ದು ಬಿದ್ದು ನಕ್ಕರು.

ಬಾಡಿಗೆ ಫ್ಲ್ಯಾಟಿನ ಚಾವಣಿಯಲ್ಲಿ ಕೊಕ್ಕೆಯಿರಲಿಲ್ಲ. ಎರಡು ಕಬ್ಬಿಣದ ಮಂಚಗಳ ನಡುವೆ ಸೀರೆ ಕಟ್ಟಿ ತೊಟ್ಟಿಲು ಮಾಡಿದೆವು. ಮಗುವಿನ ಕಿವಿಯಲ್ಲಿ ನಮ್ಮ ಅಮ್ಮನ ಹೆಸರು ಹೇಳಿದೆ. ಅಕ್ಕಪಕ್ಕದ ಮಲಯಾಳಿ, ಗುಜರಾತಿ ಹೆಂಗಸರು ಬಂದು ಹಾಡಿದರು. ಯಾರಿಗೂ ಇನ್ನೊಬ್ಬರ ಹಾಡು ಗೊತ್ತಿರಲಿಲ್ಲ, ಯಾರೂ ನಿಲ್ಲಿಸಲೂ ಇಲ್ಲ.

ಹೆಜಮಾಡಿ ನಮ್ಮೂರು, ಕುವೈತ್ ದುಡಿಯುವ ಜಾಗ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಈಗ ನಮ್ಮ ಲೆಕ್ಕದ ಪ್ರಕಾರ ಮುಂದಿನ ಕುಟುಂಬವೆಲ್ಲ ಅಬ್ಬಾಸಿಯಾದ ಆ ಸೀರೆಯೊಳಗೆ ಮಲಗಿತ್ತು.

ಹೊರಡುವಾಗ “ಮನೆಗೆ ಹೋಗಿ ಬರ್ತೇನೆ” ಎಂದೆ.

“ಯಾವ ಮನೆಗೆ ಅಣ್ಣ?” ಎಂದಳು ಸುಮತಿ.

ಮೆಟ್ಟಿದ್ದ ಚಪ್ಪಲಿ ಕಳಚಿ, ಇನ್ನೊಂದು ಚಾ ಕೇಳಿದೆ.